ದಾರಿ ತಿಳಿಯದವನಿಗೆ ದಾರಿ ತೋರುವ ಕರ್ತನು: ಜಾರ್ಜ್ ಮುಲ್ಲರರ ಚರಿತ್ರೆ



ನಮ್ಮ ಹಳ್ಳಿಗಳಲ್ಲಿ ಒಬ್ಬನ ಮನಸ್ಸಿನಲ್ಲಿ ಸಂದೇಹವು ಹುಟ್ಟಿದಾಗ ಅವನು ಏನು ಮಾಡುತ್ತಾನೆಂಬದು ನಿಮಗೆಲ್ಲರಿಗೂ ಗೊತ್ತುಂಟು. ಮಗಳನ್ನು ಯಾವ ಮನೆಗೆ ಕೊಡಬೇಕು, ಹೊಲವನ್ನು ಮಾರಬೇಕೋ ಉಳಿಸಿಕೊಳ್ಳಬೇಕೋ, ಊರು ಬಿಟ್ಟು ಕೆಲಸಕ್ಕೆ ಹೋಗಬೇಕೋ ಇಲ್ಲಿಯೇ ಇರಬೇಕೋ, ಇಂಥ ಸಂಗತಿಗಳು ಬಂದಾಗ ಒಬ್ಬನು ಪಂಚಾಂಗ ನೋಡಿಸುತ್ತಾನೆ, ಮತ್ತೊಬ್ಬನು ಕಣಿ ಕೇಳುತ್ತಾನೆ, ಮೂರನೆಯವನು ಹೂವು ಬಲಕ್ಕೆ ಬೀಳುವದೋ ಎಡಕ್ಕೆ ಬೀಳುವದೋ ಎಂದು ಕಾದು ನಿಲ್ಲುತ್ತಾನೆ. ಹಲ್ಲಿ ನುಡಿದರೆ ಒಂದು ಅರ್ಥ, ಬೆಕ್ಕು ಅಡ್ಡ ಬಂದರೆ ಇನ್ನೊಂದು ಅರ್ಥ. ಕ್ರಿಸ್ತನನ್ನು ಹಿಂಬಾಲಿಸಿದ ದಿನದಿಂದ ನಾವು ಇವೆಲ್ಲವನ್ನು ಬಿಟ್ಟವರು.

ಆದರೆ ಹಳೆಯ ಅಭ್ಯಾಸವು ಹೊಸ ಬಟ್ಟೆಯನ್ನು ಉಟ್ಟುಕೊಂಡು ತಿರಿಗಿ ಬರುವದುಂಟು. ಸಭೆಯ ಮನೆಗಳನ್ನು ಸಂದರ್ಶಿಸುವಾಗ ನಾನು ಕಂಡದ್ದೇನಂದರೆ, ಕೆಲವರು ಎರಡು ಚೀಟಿಗಳನ್ನು ಬರೆದು ಸತ್ಯವೇದದೊಳಗೆ ಇಟ್ಟು ಮಗುವಿನ ಕೈಯಿಂದ ಒಂದನ್ನು ತೆಗೆಯಿಸುತ್ತಾರೆ. ಕೆಲವರು ಕಣ್ಣು ಮುಚ್ಚಿ ಪುಸ್ತಕವನ್ನು ತೆರೆದು ಬೆರಳು ಬಿದ್ದ ವಚನವನ್ನು ದೇವರ ಅಪ್ಪಣೆಯೆಂದು ಎಣಿಸುತ್ತಾರೆ. ಇದನ್ನು ಬರೆಯುವ ನಾನೂ ಸೆಮಿನರಿಯಲ್ಲಿ ಓದುತ್ತಿದ್ದ ಕಾಲದಲ್ಲಿ ಒಂದು ಸಾರಿ ಹೀಗೆಯೇ ಮಾಡಿದವನಾದದರಿಂದ ಯಾರನ್ನೂ ಹಾಸ್ಯಮಾಡಲಾರೆನು. ಹಾಗೆ ಮಾಡುವವರು ದೇವರನ್ನು ಪ್ರೀತಿಸದವರಲ್ಲ. ಬೇಗನೆ ಉತ್ತರವು ಬೇಕೆಂಬ ಅವಸರವೇ ಅವರನ್ನು ಹಾಗೆ ಮಾಡಿಸುತ್ತದೆ. ಈ ವಿಷಯವನ್ನು ಕುರಿತು ವಾದಿಸುವದಕ್ಕಿಂತಲೂ, ಯೌವನದಲ್ಲಿ ಇದೇ ತಪ್ಪನ್ನು ಮಾಡಿ, ಅನಂತರ ಎಪ್ಪತ್ತು ವರುಷಗಳ ಕಾಲ ದೇವರಿಂದ ದಾರಿ ಕೇಳುವದನ್ನು ಕಲಿತ ಒಬ್ಬ ಭಕ್ತನ ಚರಿತ್ರೆಯನ್ನು ಹೇಳುವದು ಉತ್ತಮ. ಆತನು ಬ್ರಿಸ್ಟಲ್ ಪಟ್ಟಣದ ಅನಾಥರ ತಂದೆಯೆಂದು ಹೆಸರುಗೊಂಡ ಜಾರ್ಜ್ ಮುಲ್ಲರ್ ಎಂಬವನು.

ಕೆಟ್ಟ ಮಗನು

ಮುಲ್ಲರನು 1805ನೇ ಇಸವಿ ಸಪ್ಟಂಬರ್ 27ರಲ್ಲಿ ಜರ್ಮನಿ ದೇಶದ ಪ್ರಷ್ಯ ರಾಜ್ಯದಲ್ಲಿದ್ದ ಕ್ರೋಪೆನ್‌ಸ್ಟೆಟ್ ಎಂಬ ಊರಲ್ಲಿ ಹುಟ್ಟಿದನು. ಅವನ ತಂದೆ ಸರಕಾರದ ಸುಂಕ ಎತ್ತುವ ಅಧಿಕಾರಿಯಾಗಿದ್ದನು. ಹತ್ತು ವರುಷ ತುಂಬುವದಕ್ಕೆ ಮುಂಚೆಯೇ ಈ ಹುಡುಗನು ತಂದೆಯ ಬಳಿಯಲ್ಲಿದ್ದ ಸರಕಾರದ ಹಣವನ್ನು ಕದಿಯುವದನ್ನು ಕಲಿತನು. ಹದಿನಾಲ್ಕು ವರುಷದವನಾಗಿದ್ದಾಗ ಅವನ ತಾಯಿ ಮರಣಶಯ್ಯೆಯಲ್ಲಿದ್ದ ರಾತ್ರಿ, ಅದನ್ನರಿಯದೆ, ಅವನು ಸಂಗಡಿಗರ ಕೂಡ ಇಸ್ಪೀಟು ಆಡುತ್ತಾ ಕೂತಿದ್ದನು. ಸಭೆಯಲ್ಲಿ ಸ್ಥಿರೀಕರಣವನ್ನು ಹೊಂದುವಾಗ ಪಾದ್ರಿಗೆ ಕೊಡುವದಕ್ಕೆ ತಂದೆಯು ಕಳುಹಿಸಿದ ಹಣದಲ್ಲಿ ಹನ್ನೆರಡನೆಯ ಒಂದು ಪಾಲನ್ನು ಮಾತ್ರ ಕೊಟ್ಟು ಉಳಿದದ್ದನ್ನು ತಾನೇ ಇಟ್ಟುಕೊಂಡನು. ಹದಿನಾರನೆಯ ವಯಸ್ಸಿನಲ್ಲಿ ವಸತಿಗೃಹಗಳಲ್ಲಿ ಉಂಡು ತಿಂದು ಹಣ ಕೊಡದೆ ಹೋದದ್ದರಿಂದ ಹಿಡಿಯಲ್ಪಟ್ಟು ಸುಮಾರು ಮೂರುವರೆ ವಾರ ಸೆರೆಮನೆಯಲ್ಲಿದ್ದನು.

ಇಂಥವನನ್ನು ತಂದೆಯು ಪಾದ್ರಿಯಾಗುವದಕ್ಕೆ ಓದಿಸಿದನು. ಭಕ್ತಿಗಾಗಿ ಅಲ್ಲ, ಪಾದ್ರಿಗೆ ಒಳ್ಳೇ ಮನೆಯೂ ನಿಶ್ಚಿತವಾದ ಸಂಬಳವೂ ಇರುವದರಿಂದ ಮುಪ್ಪಿನಲ್ಲಿ ಮಗನ ಮನೆಯಲ್ಲಿ ಸುಖವಾಗಿರಬಹುದೆಂದು ಎಣಿಸಿದನು. ಮುಲ್ಲರನ ಬಳಿಯಲ್ಲಿ ಸುಮಾರು 300 ಪುಸ್ತಕಗಳಿದ್ದವು; ಆದರೆ ಅವುಗಳಲ್ಲಿ ಸತ್ಯವೇದವಿರಲಿಲ್ಲ.

1825ನೇ ಇಸವಿಯಲ್ಲಿ ಅವನು ಹಾಲೆ ಪಟ್ಟಣದ ವಿಶ್ವವಿದ್ಯಾಲಯವನ್ನು ಸೇರಿದನು. ಅದೇ ವರುಷ ನವಂಬರ ತಿಂಗಳ ಒಂದು ಶನಿವಾರ ಸಾಯಂಕಾಲ ಬೇಟಾ ಎಂಬ ಸ್ನೇಹಿತನು ಅವನನ್ನು ವಾಗ್ನರ್ ಎಂಬ ವ್ಯಾಪಾರಿಯ ಮನೆಯಲ್ಲಿ ಕೂಡುತ್ತಿದ್ದ ಪ್ರಾರ್ಥನೆಯ ಕೂಟಕ್ಕೆ ಕರೆದುಕೊಂಡು ಹೋದನು. ಅಲ್ಲಿ ಒಬ್ಬನು ಮೊಣಕಾಲೂರಿ ದೇವರ ಸಂಗಡ ಮಾತಾಡುವದನ್ನು ಮುಲ್ಲರನು ತನ್ನ ಜೀವಮಾನದಲ್ಲಿ ಮೊದಲನೆ ಸಾರಿ ಕಂಡನು. ಆ ಮನುಷ್ಯನು ತನಗಿಂತ ಕಡಿಮೆ ಓದಿದವನಾದಾಗ್ಯೂ ತನಗೆ ಅಂಥ ಪ್ರಾರ್ಥನೆ ಮಾಡುವ ಶಕ್ತಿಯಿಲ್ಲವೆಂದು ಅವನ ಮನಸ್ಸಿಗೆ ನಾಟಿತು. ಆ ರಾತ್ರಿಯಿಂದ ಅವನ ಬಾಳು ತಿರುಗಿತು.

ಚೀಟಿ ಎತ್ತಿದ ಶಿಷ್ಯನು

ಹೊಸದಾಗಿ ನಂಬಿದ ಈ ಯೌವನಸ್ಥನ ಹೃದಯದಲ್ಲಿ ಪರದೇಶಗಳಿಗೆ ಹೋಗಿ ಸುವಾರ್ತೆಯನ್ನು ಸಾರಬೇಕೆಂಬ ಬಯಕೆ ಹುಟ್ಟಿತು. ಆದರೆ ಇದು ದೇವರ ಚಿತ್ತವೋ ತನ್ನ ಮನಸ್ಸಿನ ಆವೇಶವೋ ಎಂದು ಅವನಿಗೆ ತಿಳಿಯಲಿಲ್ಲ. ಬಹುದಿನ ಕಾದುಕೊಂಡಿರುವ ತಾಳ್ಮೆಯೂ ಅವನಿಗಿರಲಿಲ್ಲ. ಆಗ ಅವನು ಮಾಡಿದ್ದೇನು? ಸರಕಾರದವರು ನಡಿಸುತ್ತಿದ್ದ ಲಾಟರಿಯ ಒಂದು ಚೀಟಿಯನ್ನು ಕೊಂಡುಕೊಂಡು, ಅದರಲ್ಲಿ ಹಣ ಬಂದರೆ ತಾನು ಮಿಶನರಿಯಾಗಿ ಹೋಗತಕ್ಕದ್ದು, ಬಾರದಿದ್ದರೆ ಹೋಗತಕ್ಕದ್ದಲ್ಲ ಎಂದು ದೇವರ ಮುಂದೆ ಗೊತ್ತುಮಾಡಿಕೊಂಡನು. ಸ್ವಲ್ಪ ಹಣ ಬಂತು. ಕೂಡಲೆ ಅವನು ಸಂತೋಷಪಟ್ಟು ಬೆರ್ಲಿನ್ ಪಟ್ಟಣದ ಮಿಶನ್ ಸಂಘಕ್ಕೆ ಅರ್ಜಿ ಬರಕೊಂಡನು. ಸಂಘದವರು ಅವನನ್ನು ತೆಗೆದುಕೊಳ್ಳಲಿಲ್ಲ. ಯಾಕಂದರೆ ತಂದೆಯ ಒಪ್ಪಿಗೆ ಅವನಿಗಿರಲಿಲ್ಲ.

ನೋಡಿರಿ, ಚೀಟಿಯು ಹೋಗು ಎಂದಿತು, ಬಾಗಲು ಮಾತ್ರ ಮುಚ್ಚಿತ್ತು. ಮುಲ್ಲರನು ತನ್ನ ತಪ್ಪನ್ನು ಬೇಗನೆ ಅರಿತುಕೊಂಡನು. ಅನಂತರದ ದಿನಗಳಲ್ಲಿ ಇದನ್ನು ಮರೆಮಾಡದೆ ತನ್ನ ಪುಸ್ತಕದಲ್ಲಿ ಬರೆದಿಟ್ಟನು. ವಿಶ್ವಾಸಿಯಾದ ಮೊದಲಿನ ನಾಲ್ಕು ವರುಷ ತಾನು ಮನುಷ್ಯರು ಬರೆದ ಪತ್ರಿಕೆಗಳನ್ನು ಆಶೆಯಿಂದ ಓದಿ ದೇವರ ವಾಕ್ಯವನ್ನು ಅಸಡ್ಡೆಮಾಡಿದೆನೆಂದೂ, ಆದಕಾರಣ ಬಹುಕಾಲ ಆತ್ಮಸಂಬಂಧವಾಗಿ ಕೂಸಿನಂತಿದ್ದೆನೆಂದೂ ಒಪ್ಪಿಕೊಂಡನು. ತಂದೆಯ ಮಾತನ್ನು ದಿನಾಲು ಕೇಳದ ಮಗನಿಗೆ ತಂದೆಯ ಮನಸ್ಸು ಹೇಗೆ ತಿಳಿದೀತು?

ಇಲ್ಲಿ ಕೆಲವರು, ಮತ್ತೀಯನನ್ನು ಅಪೊಸ್ತಲರ ಲೆಕ್ಕಕ್ಕೆ ಸೇರಿಸುವಾಗ ಚೀಟು ಹಾಕಲಿಲ್ಲವೇ ಎಂದು ಕೇಳಬಹುದು. ಹಾಕಿದರು, ಸರಿ. ಆದರೆ ಅದು ಪಂಚಾಶತ್ತಮ ಹಬ್ಬಕ್ಕೆ ಮುಂಚೆ ನಡೆದದ್ದು. ಪವಿತ್ರಾತ್ಮನು ಸಭೆಯ ಮೇಲೆ ಇಳಿದ ಮೇಲೆ ಅಪೊಸ್ತಲರು ಇನ್ನೊಂದು ಸಾರಿ ಚೀಟು ಹಾಕಿದರೆಂದು ಅವರ ಕೃತ್ಯಗಳಲ್ಲಿ ಬರೆದಿಲ್ಲ. ಪ್ರಾರ್ಥಿಸಿದರು, ಕೂಡಿ ಆಲೋಚಿಸಿದರು, ಆತ್ಮನು ನಡಿಸಿದಂತೆ ನಡೆದರು.

ಮುಚ್ಚಿದ ಬಾಗಲುಗಳು

ಮಗನು ಮಿಶನರಿಯಾಗಬೇಕೆಂದಿದ್ದಾನೆಂದು ಕೇಳಿ ತಂದೆಯು ಬಹಳ ಕೋಪಗೊಂಡು ದುಃಖಪಟ್ಟನು. ತಂದೆಯ ಇಷ್ಟದಂತೆ ನಡೆಯದವನು ತಂದೆಯ ಹಣದಿಂದ ಓದುವದು ನ್ಯಾಯವಲ್ಲವೆಂದು ಮುಲ್ಲರನು ಅಂದಿನಿಂದ ಆ ಹಣವನ್ನು ತೆಗೆದುಕೊಳ್ಳಲಿಲ್ಲ. ಬೇರೆ ದಾರಿ ಏನೂ ಕಾಣದೆ ಇದ್ದಾಗ, ಹಾಲೆಗೆ ಬಂದಿದ್ದ ಅಮೇರಿಕದ ಪಂಡಿತರಿಗೆ ಜರ್ಮನ್ ಭಾಷೆಯನ್ನು ಕಲಿಸುವ ಕೆಲಸವು ತೋಲುಕ್ ಎಂಬ ಗುರುವಿನ ಮುಖಾಂತರ ಸಿಕ್ಕಿತು. ಆ ಕಾಲದಲ್ಲಿ ಎರಡು ತಿಂಗಳು ಹಾಲೆಯ ದೊಡ್ಡ ಅನಾಥಶಾಲೆಯಲ್ಲಿ ಬಡ ವಿದ್ಯಾರ್ಥಿಗಳಿಗೆ ಕೊಡುವ ಉಚಿತವಾದ ಕೋಣೆಯಲ್ಲಿ ವಾಸಿಸಿದನು. ಆ ಶಾಲೆಯನ್ನು ಫ್ರಾಂಕೆ ಎಂಬ ಭಕ್ತನು ನೂರಕ್ಕೂ ಹೆಚ್ಚು ವರುಷಗಳ ಹಿಂದೆ ಪ್ರಾರ್ಥನೆಯ ಬಲದಿಂದ ಕಟ್ಟಿಸಿದ್ದನು. 1706ರಲ್ಲಿ ತರಂಗಂಬಾಡಿಗೆ ಬಂದು ನಮ್ಮ ದೇಶದಲ್ಲಿ ಪ್ರೊಟೆಸ್ಟಂಟ್ ಸೇವೆಯನ್ನು ಆರಂಭಿಸಿದ ಜೀಗನ್‌ಬಾಲ್ಗನು ಈ ಫ್ರಾಂಕೆಯ ಶಿಷ್ಯನೇ. ಆ ಕೋಣೆಯಲ್ಲಿ ಮಲಗಿದ ವಿದ್ಯಾರ್ಥಿಗೆ ಅದು ಯಾವದಕ್ಕೆ ಸಿದ್ಧತೆಯೆಂದು ಆಗ ತಿಳಿಯಲಿಲ್ಲ.

ಬಳಿಕ ಬುಖಾರೆಸ್ಟ್ ಪಟ್ಟಣಕ್ಕೆ ಸೇವಕನಾಗಿ ಹೋಗುವದಕ್ಕೆ ಒಂದು ಕರೆ ಬಂತು. ಈ ಸಾರಿ ತಂದೆಯೂ ಒಪ್ಪಿದನು. ಆದರೆ ರಷ್ಯದವರಿಗೂ ತುರ್ಕರಿಗೂ ಯುದ್ಧ ಹುಟ್ಟಿದ್ದರಿಂದ ಆ ದಾರಿಯೂ ಮುಚ್ಚಿಹೋಯಿತು. ಕಡೆಗೆ 1829ರಲ್ಲಿ ಯೆಹೂದ್ಯರಿಗೆ ಸುವಾರ್ತೆ ಸಾರುವ ಸಂಘವೊಂದರ ಮೂಲಕ ಅವನು ಇಂಗ್ಲೆಂಡಿಗೆ ಹೋದನು. ಅಲ್ಲಿ ರೋಗದಲ್ಲಿ ಬಿದ್ದು, ಗಾಳಿ ಬದಲಾವಣೆಗಾಗಿ ಸಮುದ್ರತೀರದ ಟಿನ್ಮತ್ ಎಂಬ ಊರಿಗೆ ಹೋದನು. ಆ ವಿಶ್ರಾಂತಿಯ ಕಾಲದಲ್ಲಿ, ದೇವರ ವಾಕ್ಯವೊಂದೇ ನಮ್ಮ ಕಾಲಿಗೆ ದೀಪವಾಗಿರತಕ್ಕದ್ದೆಂಬ ಸತ್ಯವು ಅವನ ಹೃದಯದಲ್ಲಿ ಬೇರೂರಿತು. ಅಂದಿನಿಂದ ಮರಣದ ವರೆಗೂ ಅವನು ಸತ್ಯವೇದವನ್ನು ಆರಂಭದಿಂದ ಅಂತ್ಯದ ವರೆಗೆ ನೂರಕ್ಕಿಂತ ಹೆಚ್ಚು ಸಾರಿ ಓದಿದನು.

ಟಿನ್ಮತ್ ಊರಿನ ಚಿಕ್ಕ ಸಭೆಯವರು ಅವರನ್ನು ತಮ್ಮ ಪಾಲಕರಾಗಿ ಆರಿಸಿಕೊಂಡರು. 1830ನೇ ಇಸವಿ ಅಕ್ಟೋಬರ್ 7ರಲ್ಲಿ ಮುಲ್ಲರರು ಮೇರಿ ಗ್ರೋವ್ಸ್ ಎಂಬ ಭಕ್ತಿಯುಳ್ಳ ಸ್ತ್ರೀಯನ್ನು ಮದುವೆಯಾದರು. ಆಕೆಯ ಅಣ್ಣನಾದ ಆಂಥೊನಿ ನಾರಿಸ್ ಗ್ರೋವ್ಸರು ಹಲ್ಲಿನ ವೈದ್ಯಕೀಯವನ್ನು ಬಿಟ್ಟು ಬಾಗ್ದಾದಿಗೆ ಮಿಶನರಿಯಾಗಿ ಹೋಗಿ, 1833ರಲ್ಲಿ ನಮ್ಮ ದೇಶಕ್ಕೂ ಬಂದು ಸೇವೆಮಾಡಿದವರು. ಆ ಕಾಲದಲ್ಲಿ ದೇವಾಲಯದ ಆಸನಗಳನ್ನು ಬಾಡಿಗೆಗೆ ಕೊಟ್ಟು ಪಾಲಕನ ಸಂಬಳವನ್ನು ಕೂಡಿಸುತ್ತಿದ್ದರು. ಹಣವಂತನಿಗೆ ಮುಂದಿನ ಸ್ಥಳ, ಬಡವನಿಗೆ ಹಿಂದಿನ ಮೂಲೆ. ಇದು ಯಾಕೋಬನ ಪತ್ರಿಕೆಗೆ ವಿರೋಧವೆಂದು ಕಂಡು ಮುಲ್ಲರರು ಆ ಸಂಬಳವನ್ನು ಬಿಟ್ಟು, ದೇವರು ಸಭೆಯವರ ಹೃದಯವನ್ನು ಪ್ರೇರಿಸಿದಂತೆ ಪೆಟ್ಟಿಗೆಯಲ್ಲಿ ಬಿದ್ದ ಕಾಣಿಕೆಯಿಂದಲೇ ಜೀವಿಸಿದರು. ಈ ತೀರ್ಮಾನವನ್ನು ಗಂಡಹೆಂಡತಿಯರು ಕೂಡಿಯೇ ಮಾಡಿದರೆಂಬದನ್ನು ಗಮನಿಸತಕ್ಕದ್ದು.

ಹೋಗಬೇಕೋ, ಇರಬೇಕೋ

1832ರಲ್ಲಿ ಮುಲ್ಲರರ ಸ್ನೇಹಿತರಾದ ಹೆನ್ರಿ ಕ್ರೇಕರನ್ನು ಬ್ರಿಸ್ಟಲ್ ಪಟ್ಟಣದವರು ಕರೆದರು. ಕ್ರೇಕರು ತಮ್ಮ ಸಂಗಡ ಮುಲ್ಲರರನ್ನೂ ಕರೆದರು. ಇಬ್ಬರೂ ಹೋಗಿ ಕೆಲವು ದಿನ ಪ್ರಸಂಗಮಾಡಲು ಜನರು ಗುಂಪುಗುಂಪಾಗಿ ಕೂಡಿಬಂದು, ಇಲ್ಲಿಯೇ ನಿಲ್ಲಿರಿ ಎಂದು ಬೇಡಿಕೊಂಡರು. ಜನರ ಪ್ರೀತಿಯನ್ನು ಕಂಡು ಯಾರ ಮನಸ್ಸಾದರೂ ಕರಗುತ್ತಿತ್ತು. ಆದರೆ ಅವರು ಅಲ್ಲಿಯೇ ಮಾತು ಕೊಡಲಿಲ್ಲ. ಜನಸಂದಣಿಯ ಉತ್ಸಾಹದಲ್ಲಿ ತೀರ್ಮಾನಿಸುವದು ತರವಲ್ಲ, ಊರಿಗೆ ಹಿಂತಿರುಗಿ ಮೌನವಾಗಿ ಪ್ರಾರ್ಥಿಸಬೇಕೆಂದು ಹೊರಟುಹೋದರು. ಪ್ರಾರ್ಥಿಸಿ ಸಮಾಧಾನ ಹೊಂದಿದ ಮೇಲೆಯೇ ಮೇ ತಿಂಗಳ ಕಡೆಯಲ್ಲಿ ಬ್ರಿಸ್ಟಲಿಗೆ ಬಂದರು. ಅದೇ ಬೇಸಿಗೆಯಲ್ಲಿ ಆ ಪಟ್ಟಣದಲ್ಲಿ ಕಾಲರಾ ರೋಗವು ಹಬ್ಬಿತು. ದೇವರೇ ಕಳುಹಿಸಿದನೆಂಬ ನಿಶ್ಚಯವಿದ್ದದರಿಂದ ಅವರು ಓಡಿಹೋಗದೆ ರೋಗಿಗಳ ಮನೆಗಳಿಗೆ ಹೋಗುತ್ತಿದ್ದರು.

1833ನೇ ಇಸವಿಯ ಆರಂಭದಲ್ಲಿ ಬಾಗ್ದಾದಿನಿಂದ ಕಾಗದ ಬಂತು. ಅಲ್ಲಿಯ ಮಿಶನರಿಗಳು ಮುಲ್ಲರರನ್ನೂ ಕ್ರೇಕರನ್ನೂ ಸಹಾಯಕ್ಕೆ ಕರೆದು, ಪ್ರಯಾಣಕ್ಕಾಗಿ 200 ಪೌಂಡುಗಳ ಹುಂಡಿಯನ್ನೂ ಕಳುಹಿಸಿದ್ದರು. ಯೌವನದ ಬಯಕೆಯು ಈಗ ಕೈಗೆ ಸಿಕ್ಕಿದಂತಾಯಿತು. ಕರೆದವರು ಸ್ವಂತ ಬಂಧುಗಳು, ದಾರಿಯ ವೆಚ್ಚವೂ ಬಂದಿದೆ. ಇನ್ನೇನು ಗುರುತು ಬೇಕು? ನಾವಾಗಿದ್ದರೆ ಮರುದಿನವೇ ಗಂಟು ಕಟ್ಟುತ್ತಿದ್ದೆವು. ಆದರೆ ಮುಲ್ಲರರು ಪ್ರಾರ್ಥಿಸಿ ವಿಚಾರಿಸಿದಾಗ, ಬ್ರಿಸ್ಟಲಿನಲ್ಲಿ ದೇವರು ಒಪ್ಪಿಸಿದ ಕೆಲಸವನ್ನು ಬಿಡತಕ್ಕದ್ದಲ್ಲವೆಂದು ತಿಳಿದುಬಂತು. ಹೋಗಲಿಲ್ಲ. ಸಂಗತಿಗಳು ಅನುಕೂಲವಾಗಿ ಕೂಡಿಬಂದ ಮಾತ್ರಕ್ಕೆ ಅದು ದೇವರ ಅಪ್ಪಣೆಯಲ್ಲವೆಂದು ಲಾಟರಿಯ ಚೀಟಿಯು ಅವರಿಗೆ ಮೊದಲೇ ಪಾಠ ಕಲಿಸಿತ್ತು.

ಕೇಳದೆ ಬಿಟ್ಟ ಒಂದು ಬೇಡಿಕೆ

1835ನೇ ಇಸವಿ ನವಂಬರದಲ್ಲಿ ಮುಲ್ಲರರು ಒಬ್ಬ ಸಹೋದರಿಯ ಮನೆಯಲ್ಲಿ ಹಾಲೆಯ ಫ್ರಾಂಕೆಯ ಚರಿತ್ರೆಯ ಪುಸ್ತಕವನ್ನು ಕಂಡರು. ತಾನು ಆ ಅನಾಥಶಾಲೆಯ ಕೋಣೆಯಲ್ಲಿ ಮಲಗಿದ ದಿನಗಳು ನೆನಪಿಗೆ ಬಂದವು. ಬ್ರಿಸ್ಟಲಿನ ಬೀದಿಗಳಲ್ಲಿ ತಂದೆತಾಯಿಗಳಿಲ್ಲದ ಮಕ್ಕಳು ಬಹಳ ಇದ್ದರು. ತಾನೂ ಅಂಥ ಒಂದು ಮನೆಯನ್ನು ತೆರೆಯಬಾರದೇ ಎಂದು ಆಲೋಚನೆ ಹುಟ್ಟಿತು. ಆ ವರುಷದ ಜೂನ್ ತಿಂಗಳಲ್ಲಿ ಅವರು ತಮ್ಮ ಒಬ್ಬನೇ ಮಗನನ್ನು, ಇನ್ನೂ ಕೂಸಾಗಿದ್ದವನನ್ನು, ಮಣ್ಣಿಗೆ ಒಪ್ಪಿಸಿದ್ದರು. ದುಃಖದಿಂದಲೂ ಕನಿಕರದಿಂದಲೂ ಕರಗಿದ್ದ ಹೃದಯವು ತನ್ನನ್ನು ಮೋಸಗೊಳಿಸಬಹುದೆಂದು ಅವರು ಬಲ್ಲರು. ಆದದರಿಂದ ಎರಡು ವಾರ ತಮ್ಮ ಅಂತರಂಗವನ್ನೇ ಶೋಧಿಸಿ ಪ್ರಾರ್ಥಿಸಿದರು: ಇದು ಹೆಸರು ಪಡೆಯುವ ಆಶೆಯೋ? ದೇವರ ಮಹಿಮೆಗಾಗಿಯೋ? ದಶಂಬರ 5ರ ಸಾಯಂಕಾಲ ಎಂಭತ್ತೊಂದನೆಯ ಕೀರ್ತನೆಯನ್ನು ಓದುವಾಗ, ಬಾಯನ್ನು ಅಗಲವಾಗಿ ತೆರೆಯುವವರನ್ನು ದೇವರು ತೃಪ್ತಿಪಡಿಸುವನೆಂಬ ವಾಗ್ದಾನವು ಅವರ ಮನಸ್ಸನ್ನು ಹಿಡಿಯಿತು. ಆಗಲೇ ಮೊಣಕಾಲೂರಿ ಮನೆಯನ್ನೂ 1,000 ಪೌಂಡುಗಳನ್ನೂ ತಕ್ಕ ಕೆಲಸಗಾರರನ್ನೂ ಬೇಡಿಕೊಂಡರು.

ಇವೆಲ್ಲವು ಸ್ವಲ್ಪಸ್ವಲ್ಪವಾಗಿ ಬರಲಾರಂಭಿಸಿದವು. 1836ನೇ ಇಸವಿ ಫೆಬ್ರವರಿ 3ರಲ್ಲಿ, ಮಕ್ಕಳನ್ನು ಸೇರಿಸಬೇಕೆಂದಿರುವವರು ಬರಬಹುದೆಂದು ಪ್ರಕಟಿಸಿ ಮುಲ್ಲರರು ಕೂತುಕೊಂಡರು. ಒಬ್ಬರೂ ಬರಲಿಲ್ಲ. ಮನೆಗೆ ಹಿಂತಿರುಗುವಾಗ ಅವರಿಗೆ ಒಂದು ಸಂಗತಿ ಹೊಳೆಯಿತು. ಹಣಕ್ಕಾಗಿ ಪ್ರಾರ್ಥಿಸಿದ್ದರು, ಮನೆಗಾಗಿ ಪ್ರಾರ್ಥಿಸಿದ್ದರು, ಸಾಮಾನುಗಳಿಗಾಗಿಯೂ ಪ್ರಾರ್ಥಿಸಿದ್ದರು. ಮಕ್ಕಳಿಗಾಗಿ ಮಾತ್ರ ಪ್ರಾರ್ಥಿಸಿರಲಿಲ್ಲ. ಅವರು ಹೇಗೂ ಬರುವರೆಂದು ಎಣಿಸಿದ್ದರು. ಆ ರಾತ್ರಿ ಅವರು ದೇವರ ಮುಂದೆ ಬಿದ್ದು, ಈ ಕೆಲಸವೆಲ್ಲಾ ಕೆಟ್ಟುಹೋಗುವದರಿಂದಲೇ ದೇವರಿಗೆ ಹೆಚ್ಚು ಮಹಿಮೆಯಾಗುವದಾದರೆ ಅದಕ್ಕೂ ತಾನು ಸಿದ್ಧನೋ ಎಂದು ತನ್ನನ್ನೇ ಕೇಳಿಕೊಂಡರು. ಸಿದ್ಧನೆಂದು ಹೃದಯವು ಒಪ್ಪಿದ ಮೇಲೆ ಮಕ್ಕಳನ್ನು ಬೇಡಿದರು. ಮರುದಿನವೇ ಮೊದಲನೆಯ ಅರ್ಜಿ ಬಂತು. ಏಪ್ರಿಲ್ 11ರಲ್ಲಿ ವಿಲ್ಸನ್ ಬೀದಿಯ ಬಾಡಿಗೆ ಮನೆಯಲ್ಲಿ ಅನಾಥ ಹೆಣ್ಣುಮಕ್ಕಳ ವಾಸವು ಆರಂಭವಾಯಿತು.

ನೆರೆಯವನ ಕಾಗದ

ಹತ್ತು ವರುಷಗಳೊಳಗೆ ಆ ಬೀದಿಯಲ್ಲಿ ನಾಲ್ಕು ಮನೆಗಳಾಗಿ ಮಕ್ಕಳು ಸುಮಾರು 130 ಮಂದಿಯಾದರು. 1845ನೇ ಇಸವಿ ಅಕ್ಟೋಬರ್ 30ರಲ್ಲಿ ಆ ಬೀದಿಯ ನಿವಾಸಿಯೊಬ್ಬನು ಮುಲ್ಲರರಿಗೆ ಮರ್ಯಾದೆಯಿಂದಲೇ ಒಂದು ಕಾಗದ ಬರೆದು, ಮಕ್ಕಳ ಗದ್ದಲದಿಂದ ನೆರೆಯವರಿಗೆ ತೊಂದರೆಯಾಗುತ್ತದೆಂದು ತಿಳಿಸಿದನು. ಇಂಥ ಕಾಗದ ಬಂದರೆ ನಾವು ಏನು ಮಾಡುವೆವು? ಒಬ್ಬನು ಜಗಳಕ್ಕೆ ನಿಲ್ಲುವನು, ಇನ್ನೊಬ್ಬನು ಹೆದರಿ ಮನೆ ಬಿಡುವನು. ಮುಲ್ಲರರು ಎರಡನ್ನೂ ಮಾಡದೆ, ಒಂದು ಕಾಗದವನ್ನು ತೆಗೆದು ಅಲ್ಲಿಂದ ಹೊರಡುವದಕ್ಕೆ ಇರುವ ಕಾರಣಗಳನ್ನೂ ಅಲ್ಲಿಯೇ ಇರುವದಕ್ಕೆ ಇರುವ ಕಾರಣಗಳನ್ನೂ ಬರೆದರು. ನೆರೆಯವರ ಮಾತು ನ್ಯಾಯವೇ, ಆಡುವದಕ್ಕೆ ಬಯಲು ಸಾಲದು, ಗಾಳಿ ಸಾಲದು, ನೀರು ಹರಿದುಹೋಗುವ ಕಾಲುವೆಗಳು ಸಾಲವು. ದೇವರು ಬುದ್ಧಿಯನ್ನು ಕೊಟ್ಟಿರುವದು ಉಪಯೋಗಿಸುವದಕ್ಕಾಗಿಯೇ. ಹೀಗೆ ತೂಗಿನೋಡಿದ ಮೇಲೆ ಹೆಂಡತಿಯ ಸಂಗಡ ದಿನದಿನವೂ ಕೂತು ಪ್ರಾರ್ಥಿಸಿದರು. ಒಂದು ದಿನವಲ್ಲ, ಒಂದು ವಾರವಲ್ಲ. 35 ದಿನಗಳು ಒಂದು ಕಾಸೂ ಬರಲಿಲ್ಲ. 36ನೆಯ ದಿನ, ದಶಂಬರ 10ರಲ್ಲಿ, 1,000 ಪೌಂಡುಗಳು ಬಂದವು. ಆ ವರೆಗೆ ಒಬ್ಬರಿಂದ ಒಂದೇ ಸಾರಿ ಅಷ್ಟು ದೊಡ್ಡ ಕಾಣಿಕೆಯು ಅವರಿಗೆ ಬಂದಿರಲಿಲ್ಲ.

ಅನಂತರ ಭೂಮಿಯನ್ನು ಹುಡುಕಿದರು. ಪಟ್ಟಣದ ಹೊರಗೆ ಆಶ್ಲಿ ಡೌನ್ ಎಂಬ ಎತ್ತರವಾದ ಸ್ಥಳದಲ್ಲಿ ಹೊಲವಿದೆಯೆಂದು ಕೇಳಿ 1846ನೇ ಇಸವಿ ಫೆಬ್ರವರಿ 4ರಲ್ಲಿ ಅದರ ಒಡೆಯನನ್ನು ನೋಡಲಿಕ್ಕೆ ಹೋದರು. ಅವನು ಮನೆಯಲ್ಲಿರಲಿಲ್ಲ. ಅಂಗಡಿಗೆ ಹೋದರು, ಅಲ್ಲಿಯೂ ಇರಲಿಲ್ಲ. ರಾತ್ರಿ ಎಂಟು ಘಂಟೆಗೆ ಮನೆಗೆ ಬರುವನೆಂದು ಸೇವಕರು ಹೇಳಿದಾಗ್ಯೂ, ಎರಡು ಸಾರಿ ತಪ್ಪಿದ್ದರಲ್ಲಿ ದೇವರ ಕೈ ಇರಬಹುದೆಂದು ಎಣಿಸಿ ಆ ದಿನ ಒತ್ತಾಯಮಾಡದೆ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಒಡೆಯನು ಸಿಕ್ಕಿದನು. ಆ ರಾತ್ರಿ ಮೂರು ಘಂಟೆಯಿಂದ ಐದು ಘಂಟೆಯ ವರೆಗೆ ಅವನಿಗೆ ನಿದ್ರೆ ಬಾರದೆ, ಅನಾಥಶಾಲೆಗೆ ಬೇಕೆಂದು ಕೇಳಿಬಂದ ಈ ಭೂಮಿಯ ವಿಷಯವೇ ಮನಸ್ಸಿನಲ್ಲಿ ತಿರುಗುತ್ತಾ, ಎಕರೆಗೆ 200 ಪೌಂಡು ಕೇಳಬೇಕೆಂದಿದ್ದವನು 120 ಪೌಂಡಿಗೆ ಕೊಡಬೇಕೆಂದು ನಿಶ್ಚಯಿಸಿಕೊಂಡಿದ್ದನು. ಮುಲ್ಲರರು ಸುಮಾರು ಏಳು ಎಕರೆ ಭೂಮಿಯನ್ನು ಕೊಂಡುಕೊಂಡರು. ಹಿಂದಿನ ರಾತ್ರಿ ಅವಸರಪಟ್ಟು ಹೋಗಿದ್ದರೆ ಹೆಚ್ಚು ಬೆಲೆ ಕೊಡಬೇಕಾಗುತ್ತಿತ್ತು.

ಭೂಮಿ ಸಿಕ್ಕಿತೆಂದು ಕೂಡಲೆ ಗೋಡೆ ಎಬ್ಬಿಸಲಿಲ್ಲ. ಸಾಲಮಾಡಿ ದೇವರ ಕೆಲಸ ಮಾಡತಕ್ಕದ್ದಲ್ಲವೆಂಬದು ಅವರ ನಿಯಮ. ಬೇಕಾದ ಹಣವು ಕೈಗೆ ಬರುವ ವರೆಗೆ ಕಾದು, 1847ನೇ ಇಸವಿ ಜುಲೈಯಲ್ಲಿ ಕಟ್ಟಲಾರಂಭಿಸಿ, 1849ನೇ ಇಸವಿ ಜೂನ್ 18ರಲ್ಲಿ 300 ಮಕ್ಕಳ ಮನೆಯನ್ನು ತೆರೆದರು. 1870ರೊಳಗೆ ಅಲ್ಲಿ ಐದು ದೊಡ್ಡ ಮನೆಗಳೆದ್ದು 2,050 ಮಕ್ಕಳಿಗೆ ಸ್ಥಳವಾಯಿತು. ಅವರ ಜೀವಮಾನದಲ್ಲಿ ಸುಮಾರು 10,000 ಅನಾಥರು ಆ ಮನೆಗಳಲ್ಲಿ ಬೆಳೆದರು. ಯಾವ ಮನುಷ್ಯನ ಬಳಿಗೂ ಕೈಚಾಚಿ ಹೋಗದೆ ದೇವರನ್ನು ಮಾತ್ರ ಬೇಡಿದರು.

ಅವರು ಅನುಸರಿಸಿದ ಕ್ರಮ

ಇಷ್ಟೆಲ್ಲಾ ಸಂಗತಿಗಳಲ್ಲಿ ದೇವರ ಚಿತ್ತವನ್ನು ಹೇಗೆ ತಿಳಿದುಕೊಂಡಿರಿ ಎಂದು ಕೇಳಿದವರಿಗೆ ಅವರು ತಿಳಿಸಿದ ಕ್ರಮದ ಸಾರಾಂಶವು ಇದು.

ಮೊದಲನೆಯದಾಗಿ, ಆ ಸಂಗತಿಯಲ್ಲಿ ತನ್ನ ಸ್ವಂತ ಇಷ್ಟವು ಅಡಗುವ ವರೆಗೆ ಹೃದಯವನ್ನು ದೇವರ ಮುಂದೆ ಇಡುತ್ತಿದ್ದರು. ಕಷ್ಟದಲ್ಲಿ ಹತ್ತರಲ್ಲಿ ಒಂಭತ್ತು ಪಾಲು ಇದೇ ಎಂಬದು ಅವರ ಅನುಭವ. ಎರಡನೆಯದಾಗಿ, ಮನಸ್ಸಿಗೆ ತೋರಿದ ಭಾವನೆಯನ್ನು ಮಾತ್ರ ನಂಬುತ್ತಿರಲಿಲ್ಲ, ಭಾವನೆಯು ಮೋಸಗೊಳಿಸೀತು. ಮೂರನೆಯದಾಗಿ, ಆತ್ಮನ ನಡಿಸುವಿಕೆಯನ್ನು ವಾಕ್ಯದಲ್ಲಿಯೇ ಹುಡುಕುತ್ತಿದ್ದರು. ವಾಕ್ಯಕ್ಕೆ ವಿರೋಧವಾಗಿ ಆತ್ಮನು ಎಂದಿಗೂ ನಡಿಸುವದಿಲ್ಲ. ನಾಲ್ಕನೆಯದಾಗಿ, ದೇವರು ಒದಗಿಸುವ ಸಂಗತಿಗಳನ್ನು ಗಮನಿಸುತ್ತಿದ್ದರು. ಆದರೆ ಅವುಗಳನ್ನು ವಾಕ್ಯದೊಂದಿಗೂ ಪ್ರಾರ್ಥನೆಯೊಂದಿಗೂ ಕೂಡಿಸಿಯೇ ನೋಡುತ್ತಿದ್ದರು. ಐದನೆಯದಾಗಿ, ದಾರಿ ತೋರಿಸೆಂದು ನೇರವಾಗಿ ಬೇಡುತ್ತಿದ್ದರು. ಕಡೆಯದಾಗಿ, ಹೀಗೆ ಬಂದ ನಿರ್ಣಯವನ್ನು ತಿರಿಗಿ ಎರಡು ಮೂರು ಸಾರಿ ದೇವರ ಮುಂದೆ ಇಟ್ಟು, ಮನಸ್ಸು ಆಗಲೂ ಸಮಾಧಾನವಾಗಿದ್ದರೆ ಧೈರ್ಯದಿಂದ ನಡೆಯುತ್ತಿದ್ದರು.

ಇದರಲ್ಲಿ ಚೀಟಿಯೂ ಇಲ್ಲ, ಶಕುನವೂ ಇಲ್ಲ. ಬಡವನೂ ಅಕ್ಷರ ತಿಳಿಯದವನೂ ಇದನ್ನು ಮಾಡಬಹುದು. ಓದಲಾರದವನು ವಾಕ್ಯವನ್ನು ಓದಿಸಿ ಕೇಳಲಿ.

ಐವತ್ತು ವರುಷಗಳ ಮೇಲೆ ಬಂದ ಉತ್ತರ

ಮಿಶನರಿಯಾಗಬೇಕೆಂದು ಯೌವನದಲ್ಲಿ ಕೇಳಿದ ಪ್ರಶ್ನೆಯು ಏನಾಯಿತು? ದೇವರು ಅದನ್ನು ಮರೆಯಲಿಲ್ಲ. ಮೇರಿಯಮ್ಮನವರು 1870ರಲ್ಲಿ ತೀರಿಹೋದರು. ಬಳಿಕ ಮುಲ್ಲರರು ಎರಡನೆಯ ಮದುವೆಯನ್ನು ಮಾಡಿಕೊಂಡು, ಅನಾಥಶಾಲೆಯ ಭಾರವನ್ನು ಅಳಿಯನಾದ ಜೇಮ್ಸ್ ರೈಟರ ಸಂಗಡ ಹಂಚಿಕೊಂಡು, 1875ರಲ್ಲಿ, ಎಪ್ಪತ್ತನೆಯ ವರುಷದಲ್ಲಿ, ಸುವಾರ್ತಾ ಪ್ರಯಾಣಕ್ಕೆ ಹೊರಟರು. ನಮ್ಮವರು ಜಗಲಿಯ ಮೇಲೆ ಕೂರುವ ವಯಸ್ಸಿನಲ್ಲಿ ಅವರು ಹಡಗು ಹತ್ತಿದರು. ಮುಂದಿನ ಹದಿನೇಳು ವರುಷಗಳಲ್ಲಿ 42 ದೇಶಗಳಲ್ಲಿ ಸುಮಾರು 2,00,000 ಮೈಲು ಸಂಚರಿಸಿ ಸುವಾರ್ತೆಯನ್ನು ಸಾರಿದರು. ಬಾಗಲು ಮುಚ್ಚಿದ ಕರ್ತನೇ ತನ್ನ ಸಮಯದಲ್ಲಿ ಅದನ್ನು ತೆರೆದನು.

1883ರಿಂದ 1884ರ ವರೆಗೆ ನಡೆದ ಪ್ರಯಾಣದಲ್ಲಿ ಅವರು ನಮ್ಮ ದೇಶಕ್ಕೆ ಬಂದರು. ಆಗ ಕೋಲಾರದ ಅನಾಥಶಾಲೆಯಲ್ಲಿದ್ದ ಹುಡುಗ ಹುಡುಗಿಯರಿಗೂ ದೇವರ ವಾಕ್ಯವನ್ನು ಹೇಳಿದರು. 1876ರಿಂದ 1878ರ ವರೆಗಿನ ದೊಡ್ಡ ಬರಗಾಲದಲ್ಲಿ ಮೈಸೂರು ಸೀಮೆಯ ಎಷ್ಟೋ ಮಕ್ಕಳು ತಂದೆತಾಯಿಗಳನ್ನು ಕಳಕೊಂಡಿದ್ದರು. ಅದು ಮುಗಿದು ಆಗ ಐದಾರು ವರುಷಗಳೇ ಆಗಿದ್ದವು. ಹಾಲೆಯ ಅನಾಥಶಾಲೆಯ ಕೋಣೆಯಿಂದ ಹೊರಟ ದಾರಿಯು ಬ್ರಿಸ್ಟಲ್ ಮಾರ್ಗವಾಗಿ ಕನ್ನಡ ಸೀಮೆಯ ಅನಾಥ ಮಕ್ಕಳ ಬಳಿಗೂ ಬಂತೆಂದು ನೆನಸುವಾಗ ನನ್ನ ಮನಸ್ಸು ತುಂಬಿಬರುತ್ತದೆ.

ಇನ್ನೊಂದು ಸಾರಿ ಅವರು ಈ ದೇಶದಲ್ಲಿದ್ದಾಗ, 1890ನೇ ಇಸವಿ ಜನವರಿಯಲ್ಲಿ, ಬ್ರಿಸ್ಟಲಿನಲ್ಲಿ ಅವರ ಒಬ್ಬಳೇ ಮಗಳಾದ ಲಿಡಿಯಾ ತೀರಿಕೊಂಡಳು. ಆ ಸುದ್ದಿಯು ಜಬಲ್ಪುರದಲ್ಲಿ ಅವರಿಗೆ ಮುಟ್ಟಿತು. ಆಗ ಅವರಿಗೆ 84 ವರುಷ. ದೇವರ ದಾರಿಯಲ್ಲಿ ನಡೆಯುವವನಿಗೆ ದುಃಖವೇ ಬಾರದೆಂದು ಯಾರೂ ಎಣಿಸಬಾರದು. ದಾರಿ ಸರಿಯಾಗಿದ್ದರೂ ಮುಳ್ಳು ಇದ್ದೀತು. ಆದರೆ ಆ ಮುದುಕನು ಗುಣುಗುಟ್ಟದೆ, ತನ್ನ ತಂದೆಯ ಚಿತ್ತವು ಒಳ್ಳೇದೇ ಎಂದು ನಂಬಿ ಊರಿಗೆ ಹಿಂತಿರುಗಿದನು. 1898ನೇ ಇಸವಿ ಮಾರ್ಚ್ 10ರ ಬೆಳಿಗ್ಗೆ, 92 ವರುಷದವರಾಗಿ, ಅವರು ಕರ್ತನ ಬಳಿಗೆ ಹೋದರು. ಹಿಂದಿನ ಸಾಯಂಕಾಲವೂ ಪ್ರಾರ್ಥನೆಯ ಕೂಟದಲ್ಲಿದ್ದರು. ಆಶ್ಲಿ ಡೌನಿನ ದೊಡ್ಡ ಮನೆಗಳು 1958ರಲ್ಲಿ ಮಾರಲ್ಪಟ್ಟವು. ಅವರು ಆರಂಭಿಸಿದ ಧರ್ಮಕಾರ್ಯವು ಬೇರೆ ರೂಪದಲ್ಲಿ ಇಂದಿಗೂ ನಡೆಯುತ್ತದೆ.

ನಮಗೆ ಪಾಠವೇನು?

ಮುಲ್ಲರರಂತೆ ಎಲ್ಲರೂ ಸಂಬಳವನ್ನು ಬಿಡಬೇಕೆಂದಾಗಲಿ, ಎಲ್ಲರೂ ಅನಾಥಶಾಲೆಯನ್ನು ಕಟ್ಟಬೇಕೆಂದಾಗಲಿ ನಾನು ಹೇಳುವದಿಲ್ಲ. ಅದು ಅವರಿಗೆ ಕೊಟ್ಟ ದಾರಿ. ಆದರೆ ಅವರು ದಾರಿ ಕೇಳಿದ ರೀತಿಯು ನಮ್ಮೆಲ್ಲರಿಗೂ ತೆರೆದಿದೆ. ನಾವು ಅನೇಕ ಸಾರಿ ಮೊದಲೇ ತೀರ್ಮಾನಿಸಿಕೊಂಡು, ಅನಂತರ ದೇವರ ರುಜುವನ್ನು ಕೇಳುತ್ತೇವೆ. ಮಗಳ ಮದುವೆಯಲ್ಲಿ ವರನ ಹೊಲವನ್ನು ನೋಡಿ ಮನಸ್ಸು ಗೊತ್ತುಮಾಡಿ, ಬಳಿಕ ಉಪದೇಶಿಯನ್ನು ಕರೆದು ಪ್ರಾರ್ಥನೆ ಮಾಡಿಸುತ್ತೇವೆ. ನೆರೆಯವನ ಮೇಲೆ ಕೋಪವು ಉರಿಯುತ್ತಿರುವಾಗ, ಕಟ್ಲೆ ಹಾಕಬಹುದೋ ಎಂದು ದೇವರನ್ನು ಕೇಳುತ್ತೇವೆ. ಕಲಕಿದ ಕೆರೆಯಲ್ಲಿ ಮುಖ ಕಾಣದು. ನೀರು ತಿಳಿಯಾಗುವ ವರೆಗೆ ದಡದಲ್ಲಿ ಕೂತಿರಬೇಕು.

ಪ್ರಿಯರೇ, ನಿಮ್ಮಲ್ಲಿ ಯಾರಿಗಾದರೂ ಈ ತಿಂಗಳಲ್ಲಿ ಒಂದು ಕಠಿಣವಾದ ಆಲೋಚನೆ ಇದ್ದರೆ, ಚೀಟಿಗಳನ್ನು ಒಲೆಗೆ ಹಾಕಿರಿ. ದಿನಕ್ಕೆ ಒಂದು ಅಧ್ಯಾಯವನ್ನಾದರೂ ಕ್ರಮವಾಗಿ ಓದಿರಿ, ಇಲ್ಲವೆ ಓದಿಸಿ ಕೇಳಿರಿ. ಗಂಡಹೆಂಡತಿಯರು ಕೂಡಿ ಮೊಣಕಾಲೂರಿರಿ. ಪರವಾದ ಕಾರಣಗಳನ್ನೂ ವಿರೋಧವಾದ ಕಾರಣಗಳನ್ನೂ ಮರೆಮಾಡದೆ ದೇವರ ಮುಂದೆ ಎಣಿಸಿರಿ. ಸಭೆಯ ಹಿರಿಯರ ಬುದ್ಧಿಯನ್ನು ಕೇಳಿರಿ. ಉತ್ತರವು ತಡವಾದರೆ, ತಡವಾಗುವದೂ ಒಂದು ಉತ್ತರವೆಂದು ತಿಳಿಯಿರಿ. ಇಂದು ಮಾಡತಕ್ಕ ಕೆಲಸವು ನಿಮ್ಮ ಮುಂದೆ ಇದ್ದೇ ಇದೆ. ಅದನ್ನು ನಂಬಿಕೆಯಿಂದ ಮಾಡಿರಿ. ಲಾಟರಿಯ ಚೀಟಿಯನ್ನು ಹಿಡಿದು ನಿಂತಿದ್ದ ಆ ಹುಡುಗನನ್ನು ಕೈಬಿಡದೆ ನಡಿಸಿದ ಕರ್ತನು ನಿಮ್ಮನ್ನೂ ನಡಿಸುವನು. ಆತನಿಗೆ ಸ್ತೋತ್ರವಾಗಲಿ. ಆಮೆನ್.